ಹಿತ್ತಾಳೆ ಕಿವಿ

ಬಸ್ಸು ಹತ್ತಿಮತ್ತೂರಿನ ದಾರಿಗೆ ಹೊರಳುವ ಹೊತ್ತಿಗೆ ಶೇಖವ್ವನಿಗೆ ಇವತ್ತು ತಾನು ಬರಬಾರದಿತ್ತು ಅನ್ನಿಸಿತು. ಹೀಗನ್ನಿಸುವುದು ಹೊಸದೇನಲ್ಲ. ಗಂಡನ ಹಿಂದೆ ಸಾಮಾನಿನ ಚೀಲ ಹೊತ್ತು ಸವಣೂರಿನ ಸ್ಟ್ಯಾಂಡಿಗೆ ಬಂದಾಗೆಲ್ಲ ಅನ್ನಿಸುತ್ತಿತ್ತು, ಬಸ್ಸು ಹತ್ತಿ ಕೂತ ಮೇಲೆ ಮರೆಯುತ್ತಿತ್ತು. ಇವತ್ತು ಮರೆಯಲಿಲ್ಲ. ಅವಳ ಉಡಿಯಲ್ಲಿ ಒಂದು ವಸ್ತ್ರದ ಗಂಟಿತ್ತು, ಗಂಟಿನಲ್ಲಿ ಟೀವಿಯ ಕಿವಿ ಇತ್ತು. ಅಂಗಡಿಯವರು ಅದಕ್ಕೆ ನಾಬ್ ಅನ್ನುತ್ತಾರೆ. ಈ ಕಡೆಯ ಊರುಗಳಲ್ಲಿ ರೇಡಿಯೋ ಬಂದ ಕಾಲದಿಂದಲೂ ಅದು ಕಿವಿಯೇ. ಹಿಂಡಿದರೆ ಒದರುತ್ತದೆ, ಸಡಿಲು ಬಿಟ್ಟರೆ ಸುಮ್ಮನಾಗುತ್ತದೆ, ಸಾಲಿ ತಪ್ಪಿಸಿದ ಹುಡುಗನ ಕಿವಿಯ ಹಾಗೆ. ನಡುವೆ ಹಿತ್ತಾಳೆಯ ಬಿಲ್ಲೆ, ಸುತ್ತ ಕರಿಯ ಅಂಚು. ನಿನ್ನೆ ಸಂಜೆಯತನಕ ಅದು ಅವರ ಮನೆಯ ಟೀವಿಯ ಮೇಲೇ ಇತ್ತು. ಮಲ್ಲಿಕಸಾಬ ತನ್ನ ರೇಡಿಯೋ ಅಂಗಡಿ ಮುಚ್ಚುವಾಗ ತನ್ನ ಹತ್ತಿರ ಕೆಲಸ ಕಲಿತ ಉಡಚಪ್ಪನಿಗೆ ಕೊಟ್ಟು ಹೋದ ಸೆಟ್ಟು ಅದು, ಮರದ ಪೆಟ್ಟಿಗೆಯದು, ಮುಂದೆ ಮಡಚುವ ಕದಗಳಿದ್ದದ್ದು. ಹತ್ತಿಮತ್ತೂರಿನ ಬಸವಣ್ಣೆಪ್ಪನವರ ಮನೆಯದೂ ಅದೇ ಕಂಪನಿಯದು, ಅವರ ಅಳಿಯ ಮುಂಬಯಿಯಲ್ಲಿ ಹಳೆಯದನ್ನು ಕೊಂಡು ಲಾರಿಯಲ್ಲಿ ಕಳಿಸಿದ್ದು. ಅದರ ದನಿಯ ಕಿವಿ ಇಲಿ ಒಯ್ದಿದೆಯೆಂದು ಅವರು ಹೇಳಿ ಕಳಿಸಿದ್ದರು. ಆ ಕಂಪನಿ ಈಗ ಇಲ್ಲ. ಕಿವಿ ಬೇಕೆಂದು ಹುಬ್ಬಳ್ಳಿಯಲ್ಲಿ ಅಂಗಡಿ ಅಂಗಡಿ ತಿರುಗಿದ ಉಡಚಪ್ಪನಿಗೆ ಒಬ್ಬ ಹೇಳಿದ್ದ: ಎಲ್ಲೆರೆ ಸತ್ತ ಸೆಟ್ಟಿದ್ರ ಅದರದ ಕಿತ್ತ ಹಾಕು. ಸತ್ತದ್ದು ಸಿಗದೆ ಇವನು ಬದುಕಿದ್ದರದನ್ನೇ ಕಿತ್ತ. ಕಿತ್ತ ಜಾಗದಲ್ಲಿ ಬರೀ ಕಬ್ಬಿಣದ ಕಡ್ಡಿ ಉಳಿಯಿತು. ಇಕ್ಕಳದಿಂದ ಅದನ್ನು ಹಿಡಿದು ತಿರುವಿ, “ಆತಲ್ಲ, ಇಷ್ಟ,” ಎಂದು ನಕ್ಕಿದ್ದ. ನಗು ಬಹಳ ದೊಡ್ಡದಾಗಿತ್ತು. ಈಚೆಗೆ ಅವನ ನಗು, ಕೆಮ್ಮು, ಪಾತ್ರೆ ಇಡುವುದು, ಎಲ್ಲ ದೊಡ್ಡವಾಗಿದ್ದವು.

“ಗಂಡನ ಬೆನ್ನ ಬಿಡೂದಿಲ್ಲಲ್ಲ ನೀ, ಶೇಖವ್ವಾ,” ಎಂದು ಎದುರು ಸೀಟಿನ ದುರಗವ್ವ ಮುಸಿಮುಸಿ ನಕ್ಕಳು. ಅವರ ಓಣಿಯವಳೇ, ಎಲೆ ಮಾರಲು ಹೊರಟವಳು. “ಯಾರೆರೆ ಹಾರಿಸ್ಕೊಂಡು ಹೋಗ್ತಾರಂತ ಅಂಜಿಕಿ ಏನ?”

“ಹೌದಬೇ, ರಾಜಕುಮಾರ ಅದಾನಲ್ಲ,” ಎಂದಳು ಶೇಖವ್ವ.

ಈ ಮಾತನ್ನು ಅವಳು ಎಷ್ಟು ಜನರಿಂದ ಕೇಳಿದ್ದಳೋ. ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ, ಹುಲಗೂರಿನ ದರ್ಗಾದ ಹತ್ತಿರದ ಚಹಾದಂಗಡಿಯಲ್ಲಿ. ಕೇಳಿದಾಗ ನಾಚಿಕೆಯಾದಂತೆ ಸೆರಗು ಎಳೆದುಕೊಳ್ಳುತ್ತಿದ್ದಳು, ಒಳಗೆ ನಿರಾಳವಾಗುತ್ತಿತ್ತು. ಗಂಡನ ಬಿಟ್ಟಿರಲಾರದವಳು ಅಂದುಕೊಳ್ಳಲಿ. ಕಿವಿ ಕೇಳದವನಿಗೆ ಯಾರು ತಮ್ಮ ಟೀವಿ ಕೊಟ್ಟಾರು? ಉಡಚಪ್ಪನಿಗೆ ಮೊದಲು ಕೇಳದಾದದ್ದು ಸೆಟ್ಟು ಜೀವಂತ ಇರುವಾಗ ಮಾಡುವ ಆ ಸಣ್ಣ ಸಿಳ್ಳೆ, ಸೊಳ್ಳೆಯದಕ್ಕಿಂತ ತೆಳುವಾದದ್ದು. ಆಮೇಲೆ ಹಕ್ಕಿಗಳ ದನಿ ಹೋಯಿತು, ಆಮೇಲೆ ಅವಳ ದನಿ. ಅವಳಿಗೆ ಬಹಳ ದಿನ ತಿಳಿಯಲೇ ಇಲ್ಲ. ಕರೆದರೆ ಓ ಅನ್ನದವನ ಮೇಲೆ ಮುನಿಸಿಕೊಂಡಳು, ತವರಿನ ಮಾತೆತ್ತಿದಳು, ಉಪವಾಸ ಮಲಗಿದಳು. ಒಂದು ದಿನ ಹೊಲದಿಂದ ಬಂದರೆ ಓಣಿಯ ತುದಿಗೇ ರೇಡಿಯೋ ಒದರುವುದು ಕೇಳುತ್ತಿತ್ತು, ಮಂದಿ ಕಿವಿ ಮುಚ್ಚಿಕೊಂಡು ಬಯ್ಯುತ್ತಿದ್ದರು. ಒಳಗೆ ಇವನು ಆ ಒದರುವ ಪೆಟ್ಟಿಗೆಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ, ದೇವರ ಮುಂದೆ ಬೇಡಿಕೊಳ್ಳುವವನಂತೆ ಕೂತಿದ್ದ. ಅವಳ ನೆರಳು ಬಿದ್ದಾಗ ತಲೆಯೆತ್ತಿ, “ದನಿ ಬರವಲ್ದು, ಶೇಖಾ,” ಎಂದಿದ್ದ. ಅವಳು ಕಿವಿ ತಿರುವಿ ರೇಡಿಯೋ ಬಂದ್ ಮಾಡಿದ್ದಳು. ಆ ಹೊತ್ತಿನಿಂದ ಅವಳು ಅವನ ಜೋಡಿ ಹೊರಟಳು. ಮೂಗುತಿ ಮುಟ್ಟಿದರೆ ದನಿ ಬಂತೆಂದು ಅರ್ಥ. ಸೆರಗಿನ ತುದಿ ಹಿಂಡಿದರೆ ಬಂದಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡರೆ ದನಿಯ ಜೋಡಿ ಗೊರ್ ಅನ್ನುವುದೂ ಬರುತ್ತಿದೆ, ಇನ್ನೂ ನೋಡಬೇಕು. ನೋಡುವವರಿಗೆ ಅವಳು ದೊಡ್ಡವರ ಮನೆಯ ಮುಂದೆ ನಿಲ್ಲಲಾರದೆ ಮೈ ಹಿಡಿ ಮಾಡಿಕೊಳ್ಳುವ ಹೆಂಗಸು, ಅಷ್ಟೇ.

ಬಸವಣ್ಣೆಪ್ಪ ಹೊರಗಿನ ಕಟ್ಟೆಯ ಮೇಲೆಯೇ ಕೂತಿದ್ದ. ಭಾನುವಾರವಾದ್ದರಿಂದ ಪಾನಪಟ್ಟಿಯ ಡಬ್ಬಿ ತೆರೆದಿಟ್ಟುಕೊಂಡು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಬಂದ್ಯಾ, ಉಡಚ್ಯಾ,” ಎಂದ. ಒಳಗೆ ತಿರುಗಿ, “ಏ, ಟೀವಿ ಹೊರಗ ತರ್ರಿ, ಅಂವ ಬಂದಾನ,” ಎಂದ. ಆಳುಗಳಿಬ್ಬರು ಆ ಭಾರದ ಪೆಟ್ಟಿಗೆಯನ್ನು ಪಡಸಾಲೆಯಿಂದ ಹೊತ್ತು ಹೊಸ್ತಿಲು ದಾಟಿಸಿ ಕಟ್ಟೆಯ ಮೇಲೆ ತಂದಿಟ್ಟರು, ಹಿಂದೆಯೇ ಆಂಟೆನಾದ ವೈರು ಹಗ್ಗ ಬಿಚ್ಚಿದ ಆಕಳ ಕರುವಿನಂತೆ ಎಳೆದುಕೊಂಡು ಬಂತು. ಹೋದ ಸಲವೂ ಹೀಗೇ. ಹೊರಗೆ ಬೆಳಕು ಚಲೋ ಇರುತ್ತದಲ್ಲ ಅಂತ ಉಡಚಪ್ಪ ತಾನೇ ಹೇಳಿದ್ದ. ಈಗ ಅವನು ಹೆಂಡತಿಯ ಕಡೆ ನೋಡಿದ. ಏನಂದರು ಎಂದು ಕೇಳುವ ನೋಟ. ಶೇಖವ್ವ ತುಟಿ ಬಿಡಿಸಿ, ದನಿ ತೆಗೆಯದೆ, “ಬರ್ರಿ ಅಂದ್ರು,” ಎಂದಳು. ಅವನು ಬಸವಣ್ಣೆಪ್ಪನ ಕಡೆ ತಿರುಗಿ ಎರಡೂ ಕೈ ಜೋಡಿಸಿದ, ಮುಖದ ತುಂಬ ನಗು.

ಮೊದಲು ಹೀಗೆ ನಗುವವನಲ್ಲ ಅವನು. ಕಿವಿ ನೆಟ್ಟಗಿದ್ದ ಕಾಲದಲ್ಲಿ ಇಂಥ ಕಟ್ಟೆಗಳಿಂದ ಮನೆಗೆ ಬಂದವನೇ ಉಣ್ಣದೆ, ಮಾತಾಡದೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಏನಾತ್ರಿ ಅಂದರೆ, “ಏನಿಲ್ಲ, ಒಂದ ಮಾತು,” ಅನ್ನುತ್ತಿದ್ದ. ಆ ಒಂದು ಮಾತು ಮನೆಯಲ್ಲಿ ವಾರಗಟ್ಟಲೆ ಇರುತ್ತಿತ್ತು, ಬಿಟ್ಟು ಹೋಗದ ನೆಂಟನಂತೆ. ಕಿವಿ ಹೋದ ಮೇಲೆ ಅವನು ಬದಲಾದ. ಉಣ್ಣತೊಡಗಿದ. “ಈಗ ಮಂದಿ ಮೊದಲಿನಂಗ ಇಲ್ಲ, ಶೇಖಾ, ಸುಧಾರಿಸ್ಯಾರ,” ಎಂದು ಒಂದು ಸಲ ಊಟದ ನಡುವೆ ಅಂದಾಗ ಅವಳ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಸುಧಾರಿಸಿದ್ದು ಅವಳು. ಮಾತುಗಳೆಲ್ಲ ಮೊದಲಿನಂತೆಯೇ ಬರುತ್ತಿದ್ದವು, ಅವಳ ಹತ್ತಿರ ಬಂದು ನಿಲ್ಲುತ್ತಿದ್ದವು. ಅವಳು ಒಂದೊಂದನ್ನೂ ಅಕ್ಕಿಯೊಳಗಿನ ಹರಳಿನಂತೆ ಆರಿಸಿ ತೆಗೆದು, ಉಳಿದದ್ದನ್ನು ಅವನಿಗೆ ಬಡಿಸುತ್ತಿದ್ದಳು. ಆರಿಸಿದ ಹರಳುಗಳನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ತಾನೇ ಇಟ್ಟುಕೊಂಡಳು. ಅದರಲ್ಲೊಂದು ಸುಖವೂ ಇತ್ತೆಂಬುದನ್ನು ಅವಳು ಯಾರಿಗೂ ಹೇಳಲಾರಳು. ಅವನ ಲೋಕ ತನ್ನ ತುಟಿಯ ಮೇಲೆ ನಿಂತಿದೆ ಎಂಬ ಸುಖ. ಮಲ್ಲಿಕಸಾಬ ಒಂದು ದಿನ ಪೇಟೆಯಲ್ಲಿ ಸಿಕ್ಕು, “ನಿನ್ನ ಗಂಡನ ಕೈಯಾಗ ಬರಕತ್ ಐತಿ ಬೇಟಿ, ನನಗಿಂತ ಛಲೋ ಕಲತಾನ,” ಅಂದಿದ್ದ. ಅವತ್ತು ಗಂಡನ ಮೇಲೆ ಏನೋ ಸಿಟ್ಟಿತ್ತು, ಅದನ್ನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ಮಲ್ಲಿಕಸಾಬ ತೀರಿಕೊಂಡ. ಆ ಮಾತೂ ಹರಳುಗಳ ಜೋಡಿ ಉಳಿಯಿತು.

ಉಡಚಪ್ಪ ಟೀವಿಯ ಕದ ಮಡಚಿದ. ಚಾನೆಲ್ ತಿರುವುವ ಕಿವಿ ಇತ್ತು, ದನಿಯ ಕಿವಿ ಇರಲಿಲ್ಲ. ಹೋದ ಸಲ, ಚಿತ್ರ ಮೇಲಿಂದ ಕೆಳಗೆ ಉರುಳುತ್ತಿದ್ದುದನ್ನು ನಿಲ್ಲಿಸಲು ಬಂದಾಗ, ಎರಡೂ ಇದ್ದವು. “ಇಲಿ ಒಯ್ದಿರಬೇಕು,” ಎಂದು ಬಸವಣ್ಣೆಪ್ಪ ಬಾಯಿಯೊಳಗಿನ ಎಲೆಯಡಿಕೆ ಸರಿಸಿ ಹೇಳಿದ. “ಈ ಮನ್ಯಾಗ ಇಲಿ ಕಾಟ ಭಾಳ ಆಗೇತಿ. ದನಿನೂ ಆಗಿಂದ ಹೋತು.” ಉಡಚಪ್ಪ ತಲೆಯಾಡಿಸಿ ಉಳಿದ ಕಿವಿಯನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. ಅದರ ಬಿಲ್ಲೆ ಹೊಸ ಹಿತ್ತಾಳೆಯ ಹಾಗೆ ಝಗಝಗಿಸುತ್ತಿತ್ತು, ಹುಣಸೇಹಣ್ಣು ಹಚ್ಚಿ ತಿಕ್ಕಿದ ಆರತಿ ತಟ್ಟೆಯ ಹಾಗೆ. ಕರಿ ಅಂಚಿನ ಗೆರೆಗಳೊಳಗೆ ಬೂದಿಯ ಪುಡಿ ಕೂತಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ದನಿಯ ಕಡ್ಡಿಯನ್ನು ನೋಡಿದ, ಅದರ ಬುಡಕ್ಕೆ ತುಕ್ಕು ಹಿಡಿದಿತ್ತು. “ನೀರು ಕುಡದೈತಿ,” ಎಂದ ಯಾರಿಗೂ ಅಲ್ಲದಂತೆ, ಆದರೆ ಓಣಿಗೆಲ್ಲ ಕೇಳುವಂತೆ.

ಶೇಖವ್ವ ಕಟ್ಟೆಯ ಕೆಳಗೆ, ಪಡಸಾಲೆಯ ಕಿಟಕಿಯ ಮಗ್ಗುಲಲ್ಲಿ ನಿಂತಿದ್ದಳು. ಅಲ್ಲಿಂದ ಗಂಡನ ಕಣ್ಣಿಗೆ ಬೀಳುತ್ತಿದ್ದಳು, ಅದಕ್ಕೇ ಆ ಜಾಗ. ಕಿಟಕಿಯೊಳಗಿನಿಂದ ಬಸವಣ್ಣೆಪ್ಪನ ತಾಯಿ ವೀರವ್ವನ ದನಿ ಕೇಳಿತು. ಸೊಸೆಯ ಜೋಡಿ ಮಾತು.

“ಪರಾತ ತಗದಿಡು. ಅಂವ ಎದ್ದು ಹೋದಕೂಡ್ಲೆ ಎರಡೂ ಕಿತ್ತು ತೊಳದು ಹಾಕೂಣು. ಹೋದ ಸಲದಂಗ ಬಚ್ಚಲದಾಗ ಕುಂತು ತೊಳಿಬ್ಯಾಡ. ಕೈ ಜಾರಿ ಒಂದು ಗಟಾರ ಪಾಲಾತು.”

“ಅತ್ತಿ, ಕಡ್ಡಿಗೂ ನೀರು ಗೊಜ್ಜಿದ್ರಿ ನೀವು. ಅದಕ್ಕ ದನಿ ಹೋಗೇತಿ,” ಎಂದಳು ಸೊಸೆ ಸುಶೀಲವ್ವ, ಸಣ್ಣ ದನಿಯಲ್ಲಿ. “ಒದ್ದಿ ಅರಬಿಲೆ ಒರಸಿದ್ರ ಆಗೂದಿಲ್ಲೇನ್ರಿ?”

“ಅವನ ಕೈ ಹತ್ತಿದ್ದು ಒರಸಿದ್ರ ಹೋಕ್ಕೈತೇನ? ಪೂಜಿ ಮಾಡೂ ಕೈಲೆ ದಿನಾ ನಾ ತಿರುವಬೇಕು ಅದನ್ನ.”

ಒಳಗೆ ಪರಾತದ ಸದ್ದಾಯಿತು. ಶೇಖವ್ವನ ಕೈ ತಾನಾಗಿ ಉಡಿಯ ಗಂಟಿಗೆ ಹೋಯಿತು. ಇಲಿ ಅಂದಿದ್ದರು. ಇಲಿಗೆ ಹಿತ್ತಾಳೆ ಯಾಕೆ ಬೇಕೆಂದು ಅವಳೂ ಕೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಹುಬ್ಬಳ್ಳಿಯ ಬಿಸಿಲಲ್ಲಿ ಇವನು ಅಂಗಡಿ ತಿರುಗಿದ್ದು, ಕಡೆಗೆ ತಮ್ಮ ಮನೆಯ ಸೆಟ್ಟಿನ ಕಿವಿ ಹರಿದದ್ದು, ಇವರು ತೊಳೆಯಲು ಹೋಗಿ ಕಳೆದುಕೊಂಡದ್ದಕ್ಕೆ. ಗಂಟಿನಲ್ಲಿದ್ದ ಕಿವಿಯ ಅಂಚು ಒಂದು ಕಡೆ ಸವೆದಿತ್ತು. ದಿನಾ ಸಂಜೆ ಅದನ್ನು ತಿರುವುತ್ತಿದ್ದವಳು ಅವಳೇ. ಅವನಿಗೇನು, ದನಿ ಎಷ್ಟಿದ್ದರೂ ಒಂದೇ. ಅದು ಅವಳ ಹೆಬ್ಬೆರಳಿನ ಸವೆತ. ಸ್ವಲ್ಪ ಹೊತ್ತಿನಲ್ಲಿ ಆ ಸವೆತದ ಮೇಲೆ ಬೂದಿ ಹಾಕಿ ತಿಕ್ಕುತ್ತಾರೆ. ಈಗಲೇ ಹೋಗಿ ಅವನ ಮುಂದೆ ಕೂತು, ತುಟಿ ಬಿಡಿಸಿ ಬಿಡಿಸಿ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಏನಾಗುತ್ತದೆ? ಅವನು ಚೀಲ ಕಟ್ಟಿ ಏಳಬಹುದು. ಹಿಂಡಿದರೆ ಒದರುವಂತೆ ಒದರಬಹುದು, ತನ್ನ ದನಿ ಎಷ್ಟೆಂದು ತಿಳಿಯದವನು. ಕಿವುಡನೆಂದು ಇವರಿಗೆ ಗೊತ್ತಾಗಬಹುದು, ಇವರಿಂದ ಊರಿಗೆ, ಊರಿಂದ ತಾಲೂಕಿಗೆ. ಇಲ್ಲ, ಬರೀ ನೆವ. ಅವಳು ಅಂಜಿದ್ದು ಅದಕ್ಕಲ್ಲ. ಮಂದಿ ಸುಧಾರಿಸಿಲ್ಲ ಎಂದು ಹೇಳಿದ ಗಳಿಗೆಯಲ್ಲೇ, ಇಷ್ಟು ದಿನ ಸುಳ್ಳು ಬಡಿಸಿದವಳು ತಾನು ಎಂದೂ ಹೇಳಿದಂತಾಗುತ್ತಿತ್ತು.

ಅವನು ಕೈ ಚಾಚಿದ. ಅವಳು ಮೆಟ್ಟಿಲಿನ ಹತ್ತಿರ ಹೋಗಿ ಗಂಟು ಬಿಚ್ಚಿ ಕಿವಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅವಳ ಮುಖ ನೋಡಿದ. ಅವಳು ಕೆಳಗೆ, ಅವನ ಸ್ಕ್ರೂಡ್ರೈವರು ನೋಡಿದಳು.

ಕಡ್ಡಿಯ ಬುಡಕ್ಕೆ ಪೆಟ್ರೋಲು ಬಿಟ್ಟು, ಅತ್ತಿತ್ತ ತಿರುವಿ ತುಕ್ಕು ಬಿಡಿಸಿ, ಒಣಗುವ ತನಕ ಗಾಳಿ ಹಾಕಿದ. ಆಮೇಲೆ ಕರೆಂಟು ಕೊಟ್ಟ. ಹಳೆಯ ಸೆಟ್ಟು, ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಬೇಕು. ಬಸವಣ್ಣೆಪ್ಪ ಎದ್ದು ಬಂದು ದೂರದಿಂದ ಬಗ್ಗಿ ನೋಡಿದ. ಮೊದಲು ಹಿಟ್ಟು ಜರಡಿ ಹಿಡಿದಂತೆ ಬಿಳಿ ಚುಕ್ಕೆಗಳು, ಆಮೇಲೆ ಚುಕ್ಕೆಗಳ ಹಿಂದೆ ಒಬ್ಬ ಹೆಂಗಸು. ಅವಳು ಮಾತಾಡುತ್ತಿರಲಿಲ್ಲ. ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ಬೆರಳು ಮಡಚಿ, ಬಿಚ್ಚಿ, ಹಣೆಗೆ ಒಯ್ದು, ಗಾಳಿಯಲ್ಲಿ ಏನನ್ನೋ ಕಟ್ಟುತ್ತಿದ್ದಳು. ಭಾನುವಾರ ಮಧ್ಯಾಹ್ನದ ಕಿವುಡರ ವಾರ್ತೆ. ಅವಳ ಕೈಯ ಹಿಂದೆಯೇ ಯಾರದೋ ಹಿಂದಿ ದನಿ ತಟ್ಟನೆ ಕಟ್ಟೆಯ ತುಂಬ ಹರಡಿತು. ಶೇಖವ್ವ ಮೂಗುತಿ ಮುಟ್ಟಿದಳು.

ಅವನು ನೋಡಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಡೆ ನೋಡಲಿಲ್ಲ. ಮಂಡಿಯೂರಿ ಕೂತಲ್ಲೇ, ಸ್ಕ್ರೂಡ್ರೈವರು ಹಿಡಿದ ಕೈ ಮೇಲೆತ್ತಿದ್ದನ್ನು ಮರೆತು, ಆ ಹೆಂಗಸಿನ ಕೈಗಳನ್ನು ನೋಡುತ್ತಿದ್ದ. ಅವನ ಇನ್ನೊಂದು ಕೈಯ ಬೆರಳುಗಳು ತೊಡೆಯ ಮೇಲೆ ಒಂದಿಷ್ಟು ಅಲುಗಿದವು. ಶೇಖವ್ವ ಮತ್ತೆ ಮೂಗುತಿ ಮುಟ್ಟಿದಳು, ಮತ್ತೆ. ಬಸವಣ್ಣೆಪ್ಪ ಘೊಳ್ಳನೆ ನಕ್ಕ.

“ಏ ಅವ್ವಾ, ಬಾ ಇಲ್ಲೆ, ಕಿವುಡ್ರ ವಾರ್ತೆ ನೋಡು. ಅವಕ್ಕ್ಯಾಕ ಬೇಕಿತ್ತು ಟೀವಿ? ಜಗತ್ತಿನ ತ್ರಾಸು ಕಿವಿ ಇದ್ದವ್ರಿಗೆ ಸಾಕಾಗೇತಿ. ನನ್ನ ಕೇಳಿದ್ರ, ಲೇ ಉಡಚ್ಯಾ, ಪೂರಾ ಕಿವುಡ ಆಗೂದ ಛಲೋ. ಬರೇ ಹಿತ್ತಾಳಿ ಕಿವಿ ಇರಬಾರದು ನೋಡು, ಯಾರು ಏನಂದ್ರೂ ಖರೇ ಅಂತ ನಂಬಾವ.”

ಅವನು ಹೊರಳಲಿಲ್ಲ. ಬಸವಣ್ಣೆಪ್ಪ ಉತ್ತರಕ್ಕೆ ಕಾಯುವವನಂತೆ ಅವನ ಬೆನ್ನು ನೋಡಿದ. ಶೇಖವ್ವ ಕಟ್ಟೆಯ ಅಂಚಿಗೆ ಸರಿದಳು. ಚೀಲದಿಂದ ಇಕ್ಕಳ ತೆಗೆದು ಬೇಕೆಂದೇ ಅವನ ಪಕ್ಕಕ್ಕೆ ಬೀಳಿಸಿದಳು. ಕಲ್ಲಿನ ಅದುರು ಮಂಡಿಗೆ ತಾಕಿ ಅವನು ತಿರುಗಿದ, ಅವಳ ಬೆರಳು ಮೂಗಿನ ಮೇಲಿದ್ದುದನ್ನು ಕಂಡ. “ಬಂತ್ರಿ, ಸಾಹುಕಾರ್ರ, ದನಿ ಬಂತು,” ಎಂದ. ಕಿವಿಯನ್ನು ಕಡ್ಡಿಯ ಮೇಲೆ ಒತ್ತಿ ಕೂಡಿಸಿದ. ಅಷ್ಟಕ್ಕೆ ಮುಗಿಯಬೇಕಿತ್ತು. ಅವನು ಅಂಗಿಯ ಕಿಸೆಯಿಂದ ಒಂದು ಸಣ್ಣ ತಿರುಪು ತೆಗೆದ. ಕಿವಿಯ ಮಗ್ಗುಲಲ್ಲಿ ಅವಳು ಗಮನಿಸಿರದ ಒಂದು ತೂತಿತ್ತು, ಒಳಗೆ ಹೊಸ ಲೋಹದ ಹೊಳಪು. ನಿನ್ನೆ ಮನೆಯಲ್ಲೇ ಕೊರೆದದ್ದು. ತಿರುಪನ್ನು ಅದರೊಳಗೆ ಇಟ್ಟು ಕಡ್ಡಿಗೆ ಕಚ್ಚುವಂತೆ ಬಿಗಿದ, ಇನ್ನೊಂದು ಸುತ್ತು ಬಿಗಿದ, ತಿರುಪಿನ ತಲೆಯನ್ನು ಅರದಿಂದ ತಿಕ್ಕಿ ಸಪಾಟು ಮಾಡಿದ. ಇನ್ನು ಅದನ್ನು ತೆಗೆಯಬೇಕೆಂದರೆ ಒಡೆಯಬೇಕು.

ಇಬ್ಬರೂ ಚಹಾ ಕುಡಿದು, ತಮ್ಮ ಕಪ್ಪು ತಾವೇ ತೊಳೆದು ಕಟ್ಟೆಯ ಗೂಡಿನಲ್ಲಿ ಬೋರಲು ಹಾಕಿದರು. ಉಡಚಪ್ಪ ಕೈ ಮುಗಿದು ಮುಂದೆ ನಡೆದ. ಶೇಖವ್ವ ಚೀಲದ ಬಾಯಿ ಕಟ್ಟುತ್ತಿದ್ದಂತೆ ವೀರವ್ವ ನೀರಿನ ಪರಾತ ಹಿಡಿದ ಸೊಸೆಯನ್ನು ಹಿಂದಿಟ್ಟುಕೊಂಡು ಹೊರಗೆ ಬಂದಳು. ಬೆರಳಿಗೆ ಸೆರಗು ಸುತ್ತಿ ಹೊಸ ಕಿವಿಯನ್ನು ಎಳೆದಳು. ಮತ್ತೆ ಎಳೆದಳು.

“ಇದು ಬರವಲ್ದಲ್ಲೋ, ಬಸಣ್ಣಾ.”

“ಲೇ ಉಡಚ್ಯಾ,” ಎಂದು ಬಸವಣ್ಣೆಪ್ಪ ಕೂಗಿದ. “ಇದನ್ಯಾಕ ಹಿಂಗ ಬಿಗದೀಯಲೇ?”

ಉಡಚಪ್ಪ ನಡೆಯುತ್ತಲೇ ಇದ್ದ. ಬೇವಿನ ಗಿಡದ ನೆರಳು ಅವನ ಬೆನ್ನ ಮೇಲೆ ಹಾಯ್ದು ಹೋಯಿತು. ಮೂವರೂ ಈಗ ಶೇಖವ್ವನನ್ನು ನೋಡುತ್ತಿದ್ದರು. ಹೇಳಬಹುದಾದ ಮಾತುಗಳೆಲ್ಲ ಅವಳ ಗಂಟಲಿನತನಕ ಬಂದು ನಿಂತವು, ಇಷ್ಟು ವರ್ಷ ಆರಿಸಿಟ್ಟ ಹರಳುಗಳೆಲ್ಲ. ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯದೇ.

“ಇಲಿ ಒಯ್ಯಬಾರದಂತ್ರಿ, ಯಪ್ಪಾ,” ಎಂದಳು. ಬೇಡುವವಳ ದನಿ.

ಸುಶೀಲವ್ವ ತಲೆ ತಗ್ಗಿಸಿದಳು. ವೀರವ್ವನ ಕೈ ಸೆರಗಿನೊಳಗೆ ಹಾಗೇ ಉಳಿಯಿತು. ಬಸವಣ್ಣೆಪ್ಪ ಒಂದು ಗಳಿಗೆ ಅವಳ ಮುಖ ನೋಡಿ, “ಹೌದು ಬಿಡು,” ಎಂದ, “ಇಲಿ ಕಾಟ ಭಾಳ ಐತಿ.”

ಬಸ್ಸಿನಲ್ಲಿ ದುರಗವ್ವ ಖಾಲಿ ಬುಟ್ಟಿ ಇಟ್ಟುಕೊಂಡು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು. ಶೇಖವ್ವ ಗಂಡನ ಮಗ್ಗುಲಿಗೆ ಕೂತಳು. ಇಲಿಯ ಮಾತು ಅವಳ ಬಾಯಲ್ಲಿ ಇನ್ನೂ ಇತ್ತು, ಕಹಿಯಾಗಿ. ನಾನು ಅವರನ್ನು ಚುಚ್ಚಿದೆನೋ, ಅವರು ಕಳೆದುಕೊಂಡಿದ್ದ ಸುಳ್ಳನ್ನು ಹುಡುಕಿ ಅವರ ಕೈಗೇ ಕೊಟ್ಟೆನೋ? ತಿಳಿಯಲಿಲ್ಲ. ಬಸವಣ್ಣೆಪ್ಪ ಎಷ್ಟು ಸುಲಭವಾಗಿ ತೆಗೆದುಕೊಂಡ. ಉಡಚಪ್ಪ ಮೊಣಕೈಯಿಂದ ಅವಳನ್ನು ತಿವಿದು, ಎಂದಿನಂತೆ, “ಏನಂದ್ರು?” ಎಂದ. ಅವಳು ಅವನ ಕಡೆ ತಿರುಗಿ ತುಟಿ ಬಿಡಿಸಿ ಹೇಳಿದಳು:

“ಚಲೋ ಮಾಡ್ಯಾರ ಅಂದ್ರು. ಹೆಸರು ಹಿಡದು ಹೇಳಿದ್ರು.”

ಅವನು ಆ ತುಟಿಗಳನ್ನು ನೋಡಿದ. ಆಮೇಲೆ, ತನಗೆ ಮೆಲ್ಲನೆ ಅನ್ನಿಸುವ ದನಿಯಲ್ಲಿ, ಬಸ್ಸಿನ ಅರ್ಧಕ್ಕೆ ಕೇಳುವಂತೆ ಅಂದ:

“ಉಡಚಪ್ಪ ಅನ್ನಬೇಕಂದ್ರ ಎರಡೂ ತುಟಿ ಕೂಡಬೇಕು, ಶೇಖಾ. ಉಡಚ್ಯಾ ಅಂದ್ರ ಕೂಡೂದಿಲ್ಲ, ಬಾಯಿ ತೆರದ ಇರತೈತಿ. ಎಷ್ಟು ದಿನದಿಂದ ನೋಡಾಕತ್ತೇನಿ. ಆ ಮನ್ಯಾಗ ಯಾರ ತುಟಿನೂ ಕೂಡಿಲ್ಲ.”

ಹಾಗಾದರೆ ಮಂದಿ ಸುಧಾರಿಸ್ಯಾರ ಅಂದದ್ದು? ಉಣ್ಣತೊಡಗಿದ್ದು? ಆ ದೊಡ್ಡ ನಗು? ಅದು ಅವಳಿಗೆ ಬಡಿಸಿದ್ದು. ಅವಳು ಇವನಿಗೆ ಆರಿಸಿ ಬಡಿಸುತ್ತ, ಇವನು ಅವಳಿಗೆ ಆರಿಸಿ ಬಡಿಸುತ್ತ, ಒಂದೇ ತಾಟಿನ ಮುಂದೆ ಇಬ್ಬರೂ ಉಪವಾಸ ಕೂತಿದ್ದರು. ಅವಳು ಹೇಳತೊಡಗಿದಳು. ಪರಾತದ್ದು, ಗಟಾರದ್ದು, ಪೂಜೆಯ ಕೈಯದ್ದು, ಅವರು ಅಂದದ್ದನ್ನು ಅಂದಂತೆಯೇ, ಒಂದು ಅಕ್ಷರ ತೆಗೆಯದೆ. ಅವನ ಕಣ್ಣು ಅವಳ ತುಟಿಯಿಂದ ಕದಲಲಿಲ್ಲ. ಮುಗಿದಾಗ ತಲೆಯಾಡಿಸಿದ, ಹಿತ್ತಾಳೆಯ ಹೊಳಪನ್ನು ಬೆಳಕಿಗೆ ಹಿಡಿದು ನೋಡಿದವನು ಅದನ್ನೆಲ್ಲ ಆಗಲೇ ಬಲ್ಲ ಎನ್ನುವಂತೆ.

“ಮತ್ತ ನೀ ಏನಂದಿ?” ಎಂದ.

ಕೇಳಿದವನೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಅವನು ಮುಖ ತಿರುಗಿಸುವುದೆಂದರೆ ಬಾಗಿಲು ಮುಂದಕ್ಕೆ ಎಳೆದುಕೊಂಡಂತೆ. ಹೊರಗೆ ಹತ್ತಿ ಬಿಡಿಸಿ ಮುಗಿದ ಹೊಲ, ಅದರಾಚೆ ಇನ್ನೊಂದು. ಇಲಿ ಅಂದೆ ಎಂದು ಹೇಳಬೇಕೇ? ಬೇರೆ ಏನೂ ಅಂದಿರಲಿಲ್ಲ ಅವಳು, ಇವತ್ತಲ್ಲ, ಯಾವತ್ತೂ. ಅವನ ಕಿವಿಯಾಗಿದ್ದಳು, ಬಾಯಿಯಾಗಿರಲಿಲ್ಲ. ಅವನ ಹೆಸರನ್ನಾದರೂ ಯಾವಾಗ ಅಂದಿದ್ದಳು? ಮದುವೆಯಾಗಿ ಹೊಸ್ತಿಲು ತುಳಿಯುವಾಗ ಹೆಂಗಸರೆಲ್ಲ ಅಡ್ಡಗಟ್ಟಿ ಕಾಡಿ ಬೇಡಿ ಹಾಕಿಸಿದ, ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಒಂದು ಸಲ, ಸೆರಗು ಬಾಯಿಗೆ ಹಿಡಿದು. ಅವತ್ತೂ ಅವನು ಅವಳ ತುಟಿ ನೋಡಿರಲಿಕ್ಕಿಲ್ಲ. ಕಟ್ಟಿಕೊಂಡ ಹೆಂಡತಿ ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯ ಸವೆಯುತ್ತದೆ ಅನ್ನುತ್ತಾರೆ. ಸವೆಯಲು ಇನ್ನೇನು ಉಳಿದಿದೆಯೋ. ಅವಳು ಅವನ ಬೆನ್ನನ್ನು, ಅಂಗಿಯ ಕಾಲರಿಗೆ ಹತ್ತಿದ ತುಕ್ಕಿನ ಗೆರೆಯನ್ನು ನೋಡುತ್ತ, ತುಟಿಗಳೆರಡನ್ನೂ ಒಂದಕ್ಕೊಂದು ಒತ್ತಿ ಕೂಡಿಸಿ, ಬಿಡಿಸಿ, ಹೇಳಿದಳು.

“ಉಡಚಪ್ಪ.”

ಮುಂದಿನ ಸೀಟಿನಲ್ಲಿ ದುರಗವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡು ಹೊರಳಿ ನೋಡಿದಳು. ಟಿಕೇಟು ಹರಿಯುತ್ತಿದ್ದ ಕಂಡಕ್ಟರನೂ ತಲೆಯೆತ್ತಿದ. ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳಿತ್ತು. ಅವನು ಕಿಟಕಿಯಾಚೆ ನೋಡುತ್ತಿದ್ದ, ತೊಡೆಯ ಮೇಲೆ ಅವನ ಬೆರಳುಗಳು ಒಂದೊಂದಾಗಿ ಮಡಚಿ, ಬಿಚ್ಚಿ, ಗಾಳಿಯಲ್ಲಿ ಏನನ್ನೋ ಕಟ್ಟಲು ನೋಡುತ್ತಿದ್ದವು.